ಎಂಜಲಾಗದ ವೈನು

ರಜೆ ಎಂದರೇನು ಎಂಬ ವಿಷಯದಲ್ಲಿ ಗಂಡ ಹೆಂಡಿರು ಒಮ್ಮತಕ್ಕೆ ಬಂದ ಸಂಸಾರವನ್ನು ನಾನಿನ್ನೂ ಕಂಡಿಲ್ಲ. ಗಂಡನಿಗೆ ರಜೆ ಎಂದರೆ ಎಲ್ಲಾದರೂ ಹೋಗಿ ಏನೂ ಮಾಡದೆ ಕೂರುವುದು. ಹೆಂಡತಿಗೆ ರಜೆ ಎಂದರೆ ಎಲ್ಲಿಯೂ ಕೂರದೆ ಎಲ್ಲವನ್ನೂ ನೋಡುವುದು. ನನ್ನ ಹೆಂಡತಿ ವತ್ಸಲಾ ಈ ಎರಡನೆಯ ಪಂಥದ ಪೀಠಾಧ್ಯಕ್ಷೆ. ನಯಾಗರಕ್ಕೆ ಹೋದಾಗ ಜಲಪಾತವನ್ನು ಈಚೆಯಿಂದ, ಆಚೆಯಿಂದ, ಕೆಳಗಿನಿಂದ, ಕೊನೆಗೆ ಹಿಂದಿನಿಂದಲೂ ನನಗೆ ತೋರಿಸಿದವಳು. ಮುಂದಿನಿಂದ ಕಂಡ ನೀರೇ ಅಲ್ಲವೇನೇ ಇದು ಎಂದು ಕೇಳಿದ್ದಕ್ಕೆ ಬಫಲೋ ಊರು ದಾಟುವವರೆಗೂ ಮಾತು ಬಿಟ್ಟಿದ್ದಳು. ಇಂಥವಳು ಇಟಲಿಗೆ ಹೋಗೋಣ ಎಂದಾಗ ಅವಳ ಮನಸ್ಸಿನಲ್ಲಿ ಇದ್ದದ್ದು ವೆನಿಸ್. ನೀರು, ನೀರಿನಲ್ಲಿ ದೋಣಿ, ದೋಣಿಯಲ್ಲಿ ಮೈಸೂರು ಸಿಲ್ಕ್ ಸೀರೆ ಉಟ್ಟ ಅವಳು, ದಡದಲ್ಲಿ ಕ್ಯಾಮೆರಾ ಹಿಡಿದು ಓಡುವ ನಾನು.

ನನ್ನ ತಲೆ ಕೆಡಿಸಿದವನು ಆಫೀಸಿನ ಸ್ಟೀವ್. ಅಮೆರಿಕದ ನಮ್ಮೂರು ಫೇರ್‌ಫ್ಯಾಕ್ಸಿನಿಂದ ನಾವಿಬ್ಬರೂ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದೆವು. ಬೆಲ್ಟ್‌ವೇ ಹೆದ್ದಾರಿಯಲ್ಲಿ ಕಾರುಗಳು ಅಲುಗಾಡದೆ ನಿಂತಾಗಲೆಲ್ಲ ಅವನು ಇಟಲಿಯ ಪಿಯೆಮಾಂಟೆ ಸೀಮೆಯ ದ್ರಾಕ್ಷಿ ಗುಡ್ಡಗಳನ್ನು ವರ್ಣಿಸುತ್ತಿದ್ದ. ಅಲ್ಲಿ ಹೋಟೆಲು ಬೇಡವಂತೆ, ರೈತರ ಮನೆಯಲ್ಲೇ ರೂಮು ಕೊಡುತ್ತಾರಂತೆ, ಅವರ ಹೊಲದ್ದೇ ಊಟ, ಅವರ ತೋಟದ್ದೇ ವೈನು. ನಾನು ವೈನು ಕುಡಿಯುವವನಲ್ಲ. ಆಫೀಸಿನ ಪಾರ್ಟಿಗಳಲ್ಲಿ ಕ್ರ್ಯಾನ್‌ಬೆರಿ ಜ್ಯೂಸು ಹಿಡಿದು ನಿಂತು ಮರ್ಯಾದೆ ಕಾಪಾಡಿಕೊಳ್ಳುವವನು. ಆದರೆ 'ಅಲ್ಲಿ ನೋಡುವುದಕ್ಕೆ ಏನೂ ಇಲ್ಲ' ಎಂದು ಅವನು ಹೇಳಿದ ಮಾತು ನನ್ನ ಎದೆಗೆ ನಾಟಿತು. ಫ್ಯಾಕ್ಸು ಕಳಿಸಿ ಒಂದು ವಾರಕ್ಕೆ ರೂಮು ಗೊತ್ತು ಮಾಡಿಬಿಟ್ಟೆ. ಉತ್ತರದ ಫ್ಯಾಕ್ಸಿನಲ್ಲಿ ಮನೆಯ ಫೋಟೋ ಕಾಡಿಗೆ ಬಳಿದ ಹಾಗೆ ಬಂದಿತ್ತು. "ಹಳೇ ಅರಮನೆ ಕಣೇ" ಎಂದೆ. ನಂಬಬಾರದು ಎನ್ನುವುದಕ್ಕೂ ಆ ಫೋಟೋದಲ್ಲಿ ಆಧಾರವಿರಲಿಲ್ಲವಾದ್ದರಿಂದ ಅವಳು ನಂಬಿದಳು.

ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಗುಡ್ಡ ಹತ್ತಿ, ಗುಡ್ಡ ಇಳಿದು ಅರಮನೆಯ ಅಂಗಳ ತಲುಪಿದೆವು. ಇಟ್ಟಿಗೆಯ ಮನೆ, ಮುಂದೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಮೇಲೆ ಕೋಳಿ. ವತ್ಸಲಾ ಸೀಟ್‌ಬೆಲ್ಟು ಬಿಚ್ಚಲಿಲ್ಲ.

"ರೀ, ಇದಾ ಅರಮನೆ?"

"ಹಳೇದು ಅಂದಿದ್ನಲ್ಲ."

"ಕೋಳಿ ನೋಡೋಕೆ ಇಷ್ಟು ದೂರ ಫ್ಲೈಟಲ್ಲಿ ಬರ್ಬೇಕಿತ್ತಾ? ತುಮಕೂರಲ್ಲಿ ನಮ್ಮ ದೊಡ್ಡಪ್ಪನ ಕೊಟ್ಟಿಗೇನೇ ಇದಕ್ಕಿಂತ ಚೆನ್ನಾಗಿದೆ. ಪೆಟ್ಟಿಗೆ ಇಳಿಸ್ಬೇಡಿ. ಒಂದಿಷ್ಟು ಊಟ ಮಾಡ್ಕೊಂಡು ಸೀದಾ ವೆನಿಸ್‌ಗೆ ಹೊರಡೋಣ."

ವರ್ಷವಿಡೀ ಕಂಪ್ಯೂಟರಿನ ಮುಂದೆ ಕೂತು ಕೂಡಿಸಿಟ್ಟ ರಜೆ ಅದು. ಒಂದು ಊಟದ ಹೊತ್ತಿನಲ್ಲಿ ಈ ಹೆಂಗಸಿನ ಮನಸ್ಸು ತಿರುಗದಿದ್ದರೆ ನನ್ನ ಸುಮ್ಮನೆ ಕೂರುವ ಭಾಗ್ಯ ಅಲ್ಲಿಗೆ ಮುಗಿಯಿತು.

ಮನೆಯೊಡತಿ ತೆರೇಸಾ, ದುಂಡಗಿನ ಹೆಂಗಸು, ಇಬ್ಬರ ಕೆನ್ನೆಯನ್ನೂ ಹಿಡಿದು ಮುದ್ದಿಟ್ಟು ಚಪ್ಪರದ ಕೆಳಗಿನ ಮೇಜಿಗೆ ಕೂರಿಸಿದಳು. ಇಂಗ್ಲಿಷು ಬರುತ್ತಿದ್ದದ್ದು ಅವಳ ಮಗಳು ಲೂಚಿಯಾಗೆ ಮಾತ್ರ. ಎದುರಿಗೆ ಜರ್ಮನಿಯಿಂದ ಬಂದ ಗಂಡ ಹೆಂಡತಿ; ಗಂಡನಿಗೆ ಪೊರಕೆಯಂಥ ಮೀಸೆ. ಮಾಂಸ ಬೇಡವೆಂದು ಫ್ಯಾಕ್ಸಿನಲ್ಲೇ ಬರೆದಿದ್ದೆನಾದ್ದರಿಂದ ಸುಟ್ಟ ದೊಣ್ಣೆಮೆಣಸಿನಕಾಯಿ, ಬ್ರೆಡ್ಡು, ಚೀಸು ಎಲ್ಲ ಬಂದು ಕೂತಿದ್ದವು. ಇನ್ನೇನು ಕೈ ಹಾಕಬೇಕು, ಲೂಚಿಯಾ ತಡೆದಳು. ಅವರ ಮನೆಯಲ್ಲಿ ಒಂದು ಪದ್ಧತಿ ಇದೆಯಂತೆ: ಹೊಸ ಅತಿಥಿ ಬಂದ ದಿನ ಒಂದು ಮರದ ಬೋಗುಣಿ ತುಂಬ ಮನೆಯ ವೈನು ತುಂಬಿ ಮೇಜಿನ ಸುತ್ತ ಕೊಡುತ್ತಾರೆ, ಪ್ರತಿಯೊಬ್ಬರೂ ಅದರಲ್ಲೇ ಒಂದು ಗುಟುಕು ಕುಡಿಯಬೇಕು, ಆಮೇಲೆ ಊಟ.

ತೆರೇಸಾ ಕುಡಿದಳು. ಲೂಚಿಯಾ ಕುಡಿದಳು. ಜರ್ಮನ್ನನು ಮೀಸೆಯ ಸಮೇತ ಮುಳುಗೆದ್ದ. ವತ್ಸಲಾ ನನ್ನ ತೊಡೆ ಚಿವುಟಿದಳು.

"ರೀ, ಮೀಸೆ ಅದ್ದಿದ್ರು. ಎಂಜಲು!"

"ಬೇಡ ಅಂದ್ಬಿಡ್ಲಾ?"

"ಅಯ್ಯೋ, ಬೇಡ ಅಂದ್ರೆ ಆ ಆಂಟಿ ಏನಂದ್ಕೋತಾರೆ? ನೋಡಿ, ಹೆಂಗೆ ಕಾಯ್ತಿದಾರೆ ಪಾಪ. ತುಟಿ ಮಾತ್ರ ತಗಲಿಸ್ಬೇಡಿ. ಎತ್ತಿ ಕುಡೀರಿ."

ಹೆಂಡದ ಮೈಲಿಗೆಗೆ ಅವಳಲ್ಲಿ ಮಾಫಿ ಇತ್ತು, ಎಂಜಲಿಗೆ ಇರಲಿಲ್ಲ. ಚಿಕ್ಕಂದಿನಲ್ಲಿ ಲೋಟ ಕಚ್ಚಿ ಕುಡಿದರೆ ನನ್ನ ಅಜ್ಜಿಯೂ ತಲೆಗೆ ಮೊಟಕುತ್ತಿದ್ದರು. ಆದರೆ ಅಮೆರಿಕಕ್ಕೆ ಬಂದು ದೊಡ್ಡ ಮಗ್ಗುಗಳನ್ನು ಕಚ್ಚಿಕೊಂಡೇ ಕಾಫಿ ಕುಡಿದು ನನ್ನ ಕೈ ಕೆಟ್ಟಿತ್ತು. ಬೋಗುಣಿ ಎತ್ತಿದೆ, ಕತ್ತು ಹಿಂದಕ್ಕೆ ಹಾಕಿದೆ, ಬಾಯಿ ತೆರೆದೆ. ವೈನು ಮೂಗಿಗೆ ಹೋಯಿತು, ಕಿವಿಗೆ ಹೋಯಿತು, ಬಿಳಿ ಅಂಗಿಯ ಮೇಲೆ ಹರಿದು ಬೆಲ್ಟಿನವರೆಗೂ ಹೋಯಿತು. ಬಾಯಿಗೆ ಮಾತ್ರ ಹೋಗಲಿಲ್ಲ. ಜರ್ಮನ್ ಹೆಂಗಸು ಕಿಟಾರನೆ ಕಿರುಚಿದಳು. ತೆರೇಸಾಳ ಮುಖ ಸಪ್ಪಗಾಯಿತು. ತನ್ನ ವೈನನ್ನು ಇವನು ಬೇಕೆಂದೇ ಚೆಲ್ಲಿದ ಎಂದುಕೊಂಡಳೋ ಏನೋ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಥೂ, ಮಾನ ಕಳೆದ್ರಿ. ಕೊಡಿ ಇಲ್ಲಿ" ಎಂದು ವತ್ಸಲಾ ಬೋಗುಣಿ ಕಿತ್ತುಕೊಂಡು ಎದ್ದು ನಿಂತಳು. ಸೆರಗು ಸಿಕ್ಕಿಸಿದಳು. ತಲೆಯ ಮೇಲೆ ಒಂದು ಮೊಳ ಎತ್ತರಕ್ಕೆ ಎತ್ತಿ, ದಾರದಂಥ ಧಾರೆಯಲ್ಲಿ ಗಟಗಟನೆ ಇಳಿಸಿದಳು. ತುಟಿಗೆ ತಗಲಲಿಲ್ಲ, ಸೀರೆಗೆ ಒಂದು ಹನಿ ಬೀಳಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಕೆಲವು ಕ್ಷಣ ಮೊದಲು ಅಷ್ಟು ಚೆನ್ನಾಗಿ ಬಿಟ್ಟಿದ್ದರೆ ಸಾಕಿತ್ತು. "ಬ್ರಾವಾ!" ಎಂದು ತೆರೇಸಾ ಮೇಜು ಗುದ್ದಿದಳು. ಲೂಚಿಯಾ ನಮಗೆ ವಿವರಿಸಿದಳು: ವೈನಿಗೆ ಗಾಳಿಯಾಡಿದರೆ ರುಚಿ ಹೆಚ್ಚಂತೆ, ಅದಕ್ಕೆ ಇಂಥ ಒಳ್ಳೆಯ ಉಪಾಯ ತನ್ನ ತಾಯಿಗೆ ಇಷ್ಟು ವರ್ಷ ಹೊಳೆದಿರಲಿಲ್ಲವಂತೆ. ಮೀಸೆಯ ಜರ್ಮನ್ನನೂ ಎದ್ದು ನಿಂತು ಪ್ರಯತ್ನಿಸಿ ನನ್ನ ಗುಂಪಿಗೆ ಸೇರಿದ.

"ಹೆಂಗಿತ್ತೇ?" ಎಂದು ಪಿಸುಗುಟ್ಟಿದೆ.

"ಹುಣಸೆಹಣ್ಣಿನ ನೀರು. ಊರಲ್ಲಿ ಅಮ್ಮನಿಗೇನಾದ್ರೂ ಹೇಳಿದ್ರೋ, ನೋಡಿ ಮತ್ತೆ!"

ಅಷ್ಟರಲ್ಲಿ ಒಳಗಿನಿಂದ ತಾಮ್ರದ ಪಾತ್ರೆಯಲ್ಲಿ ಕೋಲು ತಿರುಗುವ ಸದ್ದು ಬಂತು. ತೆರೇಸಾ ಆಗಲೇ ಒಳಗೆ ಹೋಗಿ ಮೆಕ್ಕೆಜೋಳದ ಹಿಟ್ಟು ಬೇಯಿಸುತ್ತಿದ್ದಳು. ವತ್ಸಲಾ ಬಾಗಿಲಲ್ಲಿ ಇಣುಕಿ, "ರೀ, ಮುದ್ದೆ! ಇವರೂ ಮುದ್ದೆ ತಿರುವ್ತಾರೆ!" ಎಂದು ಒಳಗೆ ನುಗ್ಗಿದವಳು, ಎರಡು ನಿಮಿಷಕ್ಕೆ ಕೋಲು ಹಿಡಿದುಕೊಂಡೇ ಆಚೆ ಬಂದಳು. "ಏನು ಮುಖ ನೋಡ್ತಾ ಕೂತಿದೀರಿ? ಪೆಟ್ಟಿಗೆ ಇಳಿಸಿ."

ಒಂದು ವಾರ ಅವಳು ಅಡಿಗೆಮನೆ ಬಿಟ್ಟು ಬರಲಿಲ್ಲ. ಇವಳದು ಕನ್ನಡ, ತೆರೇಸಾಳದು ಇಟಾಲಿಯನ್, ಮಾತು ಮಾತ್ರ ಎಲ್ಲೂ ನಿಲ್ಲಲಿಲ್ಲ. ನಾನು ಚಪ್ಪರದ ಕೆಳಗೆ ಕಾಲು ಚಾಚಿದ್ದು ಒಂದೇ ಒಂದು ಬೆಳಿಗ್ಗೆ. "ಇವರು ಸುಮ್ನೆ ಕೂತಿರ್ತಾರೆ, ಕರ್ಕೊಂಡು ಹೋಗಿ" ಎಂದು ಅವಳು ಲೂಚಿಯಾಗೆ ನನ್ನನ್ನು ಒಪ್ಪಿಸಿಬಿಟ್ಟಳು. ದ್ರಾಕ್ಷಿ ಕೊಯ್ಲಿನ ಕಾಲ. ಉಳಿದ ದಿನವೆಲ್ಲ ಬೆನ್ನು ಬಗ್ಗಿಸಿ ಗೊಂಚಲು ಕತ್ತರಿಸಿದೆ.

ವಾಪಸು ಬಂದ ಮೇಲೆ ರಾಕ್‌ವಿಲ್ಲಿನ ಗೆಳೆಯರ ಮನೆಯ ಊಟದಲ್ಲಿ ಎಲ್ಲರೂ ಕೇಳಿದರು, ಇಟಲಿಗೆ ಹೋಗಿ ವೆನಿಸ್ ನೋಡದೆ ಬಂದಿರಾ ಎಂದು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವತ್ಸಲಾ ಶುರು ಮಾಡಿದ್ದಳು.

"ಇವರಿಗೆ ವೆನಿಸ್ ಹುಚ್ಚು, ಏನು ಮಾಡ್ಲಿ ಹೇಳಿ! ಆ ದೋಣಿ ನೋಡೋಕೆ ಅಷ್ಟು ದೂರ ಹೋಗ್ಬೇಕಾ, ಹಳ್ಳಿ ಕಡೆ ಹೋದ್ರೆ ಜನ ನೋಡ್ಬಹುದು ಅಂತ ನಾನೇ ಎಳ್ಕೊಂಡು ಹೋದೆ. ಪಾಪ, ವಾರವೆಲ್ಲ ಮುಖ ಊದಿಸ್ಕೊಂಡು ತೋಟದಲ್ಲೇ ಇದ್ರು. ಅದಕ್ಕೇ ಮುಂದಿನ ವರ್ಷ ಇವರ ಆಸೆ ತೀರಿಸೋಕೆ ಅಂತ ವೆನಿಸ್‌ಗೆ ಟಿಕೆಟ್ ಮಾಡಿಸ್ತಿದೀವಿ."

ಎಲ್ಲರೂ ನನ್ನ ಕಡೆ ತಿರುಗಿದರು, ಎಂಥ ಪುಣ್ಯವಂತನಯ್ಯ ನೀನು ಎಂಬ ಮುಖ ಹೊತ್ತು. ನಾನು ವತ್ಸಲೆಗೆ ಥ್ಯಾಂಕ್ಸ್ ಹೇಳಿದೆ.