ಏಳನೇ ಭಾಗದ ಕೊನೇ ಪುಟ

ಅರವತ್ತರ ದಶಕದಲ್ಲಿ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನ ವಾಚನಾಲಯ ನೋಡಿಕೊಳ್ಳುತ್ತಿದ್ದವಳು ನಾನು. ಕತೆ ಬರೆದವರು ಎಲ್ಲೋ ಹಾಯಾಗಿರುತ್ತಾರೆ. ಅದು ಕೆಟ್ಟರೆ ಬೈಸಿಕೊಳ್ಳುವವಳು ಪುಸ್ತಕ ಕೊಟ್ಟವಳು. ವಾರಕ್ಕೊಂದಾದರೂ ಇಂಥ ಪಂಚಾಯ್ತಿ ನನ್ನ ಮೇಜಿನ ಮುಂದೆ ಇದ್ದೇ ಇರುತ್ತಿತ್ತು. ಅದರಲ್ಲೂ ಎರಡು ವರ್ಷ ಭಾಗ ಭಾಗವಾಗಿ ಬಂದ ಮಾಯಾಲೋಕದ ಕಾದಂಬರಿಯೊಂದು ಮುಗಿದ ತಿಂಗಳನ್ನು ಮರೆಯುವಂತಿಲ್ಲ. ಮಾಟಗಾತಿ ಕಲ್ಲಾಗಿಸಿದ ಅಕ್ಕನನ್ನು ಬಿಡಿಸಲು ರಾಜಕುಮಾರ ಏಳು ಭಾಗ ಅಲೆಯುತ್ತಾನೆ. ಕೊನೇ ಪುಟದಲ್ಲಿ ಕಣ್ಣು ಬಿಡುತ್ತಾನೆ. ಎಲ್ಲಾ ಕನಸು!

ಮಲಗಿದ್ದ ರಾಜಕುಮಾರ

ಮೊದಲು ಓದಿ ಮುಗಿಸಿದವಳು ಒಬ್ಬ ಹೈಸ್ಕೂಲ್ ಹುಡುಗಿ. ಪುಸ್ತಕ ತಂದು ಮೇಜಿನ ಮೇಲೆ ಕುಕ್ಕಿದಳು. ಜೊತೆಗೆ ತನ್ನ ಕಾರ್ಡನ್ನೂ ಇಟ್ಟಳು.

"ಇನ್ಮೇಲೆ ನಾನು ಕತೆ ಪುಸ್ತಕ ಮುಟ್ಟಲ್ಲ ಮೇಡಂ."

"ಯಾಕಮ್ಮಾ?"

"ಎರಡು ವರ್ಷ ಕಾದೂ ಕಾದೂ ಓದಿದೀನಿ. ಇವನು ಮಲಗಿದ್ನಂತೆ! ಮೊದಲನೇ ಭಾಗದಲ್ಲೇ ಹೇಳಿದ್ರೆ ನಾನೂ ಮಲಗ್ತಿದ್ದೆ."

ಹರಿದ ಹಾಳೆ

ನಾಲ್ಕು ದಿನ ಬಿಟ್ಟು ಕಾರ್ಖಾನೆಯ ಲೇತ್ ಕೆಲಸದ ಹಿರಿಯರೊಬ್ಬರು ಅದೇ ಪುಸ್ತಕ ಹಿಡಿದು ಬಂದರು. ಮಗಳಿಗೆ ಅಂತ ಒಯ್ದು ತಾವೇ ಓದುವವರು.

"ಯಾರೋ ಕೊನೇ ಹಾಳೆಗಳ್ನ ಹರ್ಕೊಂಡವ್ರೆ ಕಣಮ್ಮಾ. ಅಕ್ಕ ಇನ್ನೂ ಕಲ್ಲಾಗೇ ನಿಂತವ್ಳೆ!"

ಕೆಳಗೆ ಅಚ್ಚಾಗಿದ್ದ 'ಮುಗಿಯಿತು' ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಹಂಗಾದ್ರೆ ಯಾರೂ ಹರೀಲೇ ಇಲ್ವಾ? ಛೆ, ಹರಿದಿದ್ರೇ ಚೆನ್ನಾಗಿತ್ತು."

ಸೈಕಲ್ಲಿನಲ್ಲಿ ಬಂದವರು

ಮೂರು ವಾರ ಹುಡುಗಿ ಈ ಕಡೆ ಸುಳಿಯಲಿಲ್ಲ. ಅವಳ ಕಾರ್ಡು ನೋಡಿದಾಗಲೆಲ್ಲ ನನಗೆ ಸಂಕಟ. ಕಾದಂಬರಿಕಾರರು ಯಶವಂತಪುರದಲ್ಲೇ ಇದ್ದಾರೆಂದು ತಿಳಿದು ಕಾಗದ ಬರೆದೆ. ಒಂದು ಭಾನುವಾರ ಸೈಕಲ್ ತುಳಿದುಕೊಂಡು ಬಂದೇಬಿಟ್ಟರು! ಹುಡುಗಿಗೆ ಹೇಳಿ ಕಳಿಸಿದೆ.

"ಯಾಕ್ ಸಾರ್ ಹಂಗ್ಮಾಡಿದ್ರಿ?" ಅಂತ ನೇರವಾಗಿ ಕೇಳಿದಳು.

ಅವರು ತಲೆ ಕೆರೆದುಕೊಂಡರು. "ನಿಜ ಹೇಳ್ಲೇನಮ್ಮಾ? ಶಾಪಾನ ಎಷ್ಟು ಗಟ್ಟಿಯಾಗಿ ಹಾಕಿಸ್ಬಿಟ್ಟಿದ್ದೆ ಅಂದ್ರೆ, ಬಿಡಿಸೋಕೆ ನನಗೇ ದಾರಿ ಹೊಳೀಲಿಲ್ಲ."

ಹುಡುಗಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಕತೆ ಮುಟ್ಟಲ್ಲ ಅಂದವಳು ಮನೆಯಲ್ಲಿ ಕೂತು ಬೇರೆ ಮುಕ್ತಾಯ ಬರೆದಿದ್ದಳು! ಅವರು ನಿಂತಲ್ಲೇ ಓದಿದರು. ಓದುತ್ತಾ ಓದುತ್ತಾ ಮುಖ ಅರಳಿತು.

"ಅಬ್ಬಾ! ಮಾಟಗಾತಿ ದಿನಾ ಹೇಳ್ತಿದ್ದ ಮಂತ್ರಾನ ಕಲ್ಲಾಗಿದ್ದ ಅಕ್ಕನೇ ಕೇಳಿ ಕೇಳಿ ಕಲಿತು, ತನ್ನ ಶಾಪಾನ ತಾನೇ ಬಿಡಿಸ್ಕೊಂಡ್ಬಿಟ್ಲಾ! ಮುಂದಿನ ಮುದ್ರಣಕ್ಕೆ ಇದೇ ಇರ್ಲಿ, ನಿನ್ನ ಹೆಸರೂ ಹಾಕಿಸ್ತೀನಿ. ನೋಟ್‌ಬುಕ್ ತಗೊಂಡು ಹೋಗ್ಲಾ?"

ಹುಡುಗಿ ನನ್ನ ರಿಜಿಸ್ಟರ್ ಎಳೆದು ಅವರ ಮುಂದಿಟ್ಟಳು.

"ಇಲ್ಲಿ ಸಹಿ ಹಾಕಿ ಸಾರ್. ಹದಿನೈದು ದಿನದಲ್ಲಿ ವಾಪಸ್ ತರ್ಬೇಕು. ಹಾಳೆ ಮೂಲೆ ಮಡಿಸ್ಬಾರ್ದು."