ಒಂದು ಮೊರ ತೌಡಿನ ಹೆಸರು

ನನ್ನ ಹೆಸರನ್ನು ಮೊದಲ ಸಲ ಕೇಳಿದವರು ಒಂದು ಪ್ರಶ್ನೆ ಕೇಳದೆ ಮುಂದೆ ಹೋಗುವುದಿಲ್ಲ. ಉತ್ತರ ಕೇಳಿದ ಮೇಲೆ ಎರಡನೆಯದನ್ನೂ ಕೇಳುತ್ತಾರೆ. ತರೀಕೆರೆಯ ಶಾಲೆಯೊಂದರಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತನಾಗಿ, ಹುಟ್ಟಿದ ಊರು ಕಡೂರಿಗೆ ಬಂದು ಕೂತ ಮೇಲೂ ಇದು ತಪ್ಪಿಲ್ಲ. ಮೊನ್ನೆ ಅಕ್ಕನ ಮರಣದ ನೋಂದಣಿಗೆ ಹೋದಾಗ ಗುಮಾಸ್ತ ಪೆನ್ನೆತ್ತಿ, "ತೌಡೇಶ್ ಅಂದ್ರೆ ಏನರ್ಥ ಸಾರ್?" ಎಂದ.

"ತೌಡಿನ ಒಡೆಯ."

"ಓ, ರೈಸ್‌ಮಿಲ್ಲಾ ಸಾರ್?"

ಆ ಕೌಂಟರಿನ ಮುಂದೆ, ಆ ಕೆಲಸದಲ್ಲಿ, ನನಗೆ ನಗು ಬಂತು. ಅಕ್ಕನಿದ್ದಿದ್ದರೆ ಅವಳೂ ನಗುತ್ತಿದ್ದಳು.

ಅಕ್ಕ ಎಂದರೆ ನನ್ನನ್ನು ಹೆತ್ತ ತಾಯಿ. ಹೆತ್ತವಳು ಅಕ್ಕ ಆದದ್ದು ಹೇಗೆ ಎನ್ನುವುದೇ ಈ ಹೆಸರಿನ ಕಥೆ.

ಮೂಲ

ನನಗಿಂತ ಮೊದಲು ಅವಳಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿದ್ದರು. ಇಬ್ಬರಿಗೂ ಒಳ್ಳೊಳ್ಳೆಯ ದೇವರ ಹೆಸರು. ಒಬ್ಬ ಹಲ್ಲು ಬರುವ ಮುಂಚೆ ಹೋದ. ಇನ್ನೊಬ್ಬ ಗೋಡೆ ಹಿಡಿದು ನಡೆಯುವುದನ್ನು ಕಲಿತು ಹೋದ. ನಾನು ಹುಟ್ಟಿದಾಗ ಕೇರಿಯ ಮುದುಕಿಯರೆಲ್ಲ ಕೂಡಿ, "ಈ ಮಗ ನಿಂದಲ್ಲ ಅಂತ ಸಾವಿಗೆ ತೋರಿಸ್ಬೇಕು ಕಣೇ. ಮಾರ್ಬಿಡು" ಎಂದರು.

ಮಕ್ಕಳು ಉಳಿಯದ ಮನೆಗಳಲ್ಲಿ ಇದು ಹಳೆಯ ಪದ್ಧತಿ. ಗೋಡೆಗೆ ಗೋಡೆ ತಾಗಿದ್ದ ಸಾಬರ ಮನೆಯ ಸೊಸೆ ಒಂದು ಮೊರ ತೌಡು ತಂದು ಅಕ್ಕನ ಮಡಿಲಿಗೆ ಸುರಿದು, ನನ್ನನ್ನು ಎತ್ತಿಕೊಂಡು ಹೋದಳು. ಆ ಹೊತ್ತಿನಿಂದ ನಾನು ಅವಳ ಮಗ. ಉಣ್ಣುವುದು, ಮಲಗುವುದು ಹೆತ್ತವಳ ಮನೆಯಲ್ಲೇ. ಆದರೆ 'ಅವ್ವ' ಎನ್ನುವುದು ಕೊಂಡವಳನ್ನು. ಹೆತ್ತವಳು ಬರೀ 'ಅಕ್ಕ.' ಮದುವೆಯ ದಿನ ಅಷ್ಟೇ ತೌಡು ವಾಪಸು ಕೊಟ್ಟು ಮಗನನ್ನು ಬಿಡಿಸಿಕೊಳ್ಳಬೇಕು. ಅಲ್ಲಿಗೆ ಅವಳು ಮತ್ತೆ ಅವ್ವ. ಅಕ್ಕ ಕಾದದ್ದು ಆ ಒಂದು ದಿನಕ್ಕೆ.

ಓದುವವರ ಅನುಕೂಲಕ್ಕೆ ಪಕ್ಕದ ಮನೆಯವಳನ್ನು ಇಲ್ಲಿ ಕೊಂಡವ್ವ ಎನ್ನುತ್ತೇನೆ.

ಮನೆಯಲ್ಲಿ ನನ್ನ ಹೆಸರು ತೌಡ. ಕಾನ್ವೆಂಟಿಗೆ ಸೇರಿಸುವಾಗ ಅಪ್ಪ ಅದಕ್ಕೊಂದು ಬಾಲ ಕಟ್ಟಿ, ಭೂಮಿಯ ಮೇಲೆ ಇನ್ಯಾರಿಗೂ ಇಲ್ಲದ ಇಂಗ್ಲಿಷ್ ಸ್ಪೆಲಿಂಗ್ ತೊಡಿಸಿ 'ತೌಡೇಶ್' ಮಾಡಿದರು. ಕೊಂಡವ್ವ ಕೆಂಡವಾದಳು.

"ಈಶ ಅಂದ್ರೆ ದೇವ್ರಲ್ವಾ? ಮತ್ತೆ ದೇವ್ರ ಹೆಸ್ರು ಇಟ್ರಾ? ಸಾವಿಗೆ ಓದೋಕೆ ಬರಲ್ಲ ಅನ್ಕಂಡ್ರಾ?"

"ಇಂಗ್ಲಿಷ್ ಬರಲ್ಲ ಬಿಡಮ್ಮ" ಎಂದರು ಅಪ್ಪ.

ಅರ್ಥ

ಕಾನ್ವೆಂಟಿನ ಸಿಸ್ಟರ್ ಒಂದು ದಿನ ಎಲ್ಲರನ್ನೂ ನಿಲ್ಲಿಸಿ ಅವರವರ ಹೆಸರಿನ ಅರ್ಥ ಇಂಗ್ಲಿಷಿನಲ್ಲಿ ಕೇಳಿದರು. ಒಬ್ಬ ಸೂರ್ಯ, ಒಬ್ಬ ಚಂದ್ರ, ಒಬ್ಬ ಮೂರು ಲೋಕದ ದೊರೆ. ನನ್ನ ಸರದಿ ಬಂತು. "ಬ್ರ್ಯಾನ್, ಸಿಸ್ಟರ್" ಎಂದೆ. ದನಕ್ಕೆ ಹಾಕುತ್ತಾರೆ ಎಂದೂ ಸೇರಿಸಿದೆ. ಅರ್ಧ ಉತ್ತರ ಕೊಡುವುದು ಆಗಲೂ ನನಗೆ ಆಗುತ್ತಿರಲಿಲ್ಲ.

ಮಗುವಿಗೆ ಮನೆಯಲ್ಲಿ ಅವಮಾನವಾಗುತ್ತಿದೆ ಎಂದುಕೊಂಡ ಸಿಸ್ಟರ್ ತಾಯಿಯನ್ನು ಕರೆಸಿದರು. ಅಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು.

"ನೀವು ಇವನ ತಾಯಿಯಾ?"

ಅಕ್ಕ ತಿರುಗಿ ಬಾಗಿಲ ಕಡೆ ನೋಡಿದಳು. ಈ ಪ್ರಶ್ನೆ ಬಂದಾಗಲೆಲ್ಲ ಅವಳು ಹಾಗೆ ನೋಡುತ್ತಿದ್ದಳು, ಸಾವು ಅಲ್ಲೇ ನಿಂತು ಕಿವಿಗೊಟ್ಟಿದೆಯೇನೋ ಎಂಬಂತೆ. ನೋಡಿ, ಗಟ್ಟಿಯಾಗಿ, "ಅಯ್ಯೋ, ನಂದಲ್ಲ ಕಣಮ್ಮ! ಪಕ್ಕದ ಮನೆಯವ್ರದ್ದು" ಎಂದಳು.

ಮಾರನೆಯ ದಿನ ಪಕ್ಕದ ಮನೆಯವರು ಬುರ್ಖಾ ಹಾಕಿಕೊಂಡು ಬಂದು, "ನಂದೇ ಮಗ. ಏನ್ ಮಾಡ್ದ ಹೇಳಿ, ಇಲ್ಲೇ ಬಾರಿಸ್ತೀನಿ" ಎಂದರು.

ಸಿಸ್ಟರ್ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಹೆಸರಿನ ಅರ್ಥ ಕೇಳುವುದನ್ನು ಆ ವರ್ಷವೇ ಬಿಟ್ಟರು.

ಜನಪ್ರಿಯತೆ

ನಾನು ಹೆಡ್‌ಮಾಸ್ಟರಾಗಿದ್ದಾಗ ಒಬ್ಬ ಚುರುಕಿನ ಟೀಚರು ನನ್ನ ಹೆಸರನ್ನು ಫೋನಿನಲ್ಲಿ ಹುಡುಕಿದರು. ಹೆಸರುಗಳ ಪುಟವೊಂದು ಸಿಕ್ಕಿತು. ಅರ್ಥ: ಲಭ್ಯವಿಲ್ಲ. ಮೂಲ: ತಿಳಿದಿಲ್ಲ. ಜನಪ್ರಿಯತೆ: ಅತಿ ವಿರಳ. ಅದೃಷ್ಟದ ಬಣ್ಣ: ಹಸಿರು. ಏನೂ ಗೊತ್ತಿಲ್ಲದವನ ಅದೃಷ್ಟ ಮಾತ್ರ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಟೀಚರು ಪಾಠವಿದೆ ಎಂದು ಎದ್ದು ಹೋದರು.

ಇನ್ನೊಮ್ಮೆ ಗಂಡ ಹೆಂಡತಿ ಇಬ್ಬರು, ನೆಂಟರ ಮಗಳನ್ನು ಶಾಲೆಗೆ ಸೇರಿಸಲು ಬಂದವರು, ಮೇಜಿನ ಮೇಲಿನ ನಾಮಫಲಕವನ್ನೇ ನೋಡುತ್ತ ಕೂತರು. ಆಕೆ ತುಂಬು ಗರ್ಭಿಣಿ.

"ಸಾರ್, ಈ ಸ್ಪೆಲಿಂಗ್ ಎಲ್ಲೂ ನೋಡಿಲ್ಲ. ಬಹಳ ರೇರು. ಗಂಡಾದ್ರೆ ಇಡಬಹುದಾ ಅಂತ" ಎಂದ ಗಂಡ.

ನಾನು ತೌಡಿನ ವಿಷಯ, ಮಾರಾಟದ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅಂದ್ರೆ ಬೂಸಾನಾ ಸಾರ್?"

"ಬೂಸಾ ಬೇರೆ, ತೌಡು ಬೇರೆ" ಎಂದು ತಿದ್ದಿದೆ.

ಗಂಡ ನಕ್ಕ. ಹೆಂಡತಿ ನಗಲಿಲ್ಲ. "ಆ ಹೆಸರಿಟ್ರೆ ಮಗು ಉಳಿಯುತ್ತಾ ಸಾರ್?" ಎಂದಳು. ಆಗ ಗಂಡನ ನಗುವೂ ನಿಂತಿತು. ಮೊದಲನೆಯದು ಉಳಿದಿರಲಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಹೆಸರಿನಿಂದ ಯಾರೂ ಉಳಿಯುವುದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದನ್ನು ಹೇಳಲು ಬಾಯಿ ತೆರೆದೆ. "ನಾನು ಉಳಿದಿದ್ದೀನಲ್ಲಮ್ಮ" ಎಂದುಬಿಟ್ಟೆ.

ಹೆಣ್ಣು ಹುಟ್ಟಿತಂತೆ. ಗಟ್ಟಿಮುಟ್ಟಾಗಿದೆಯಂತೆ. ಗಂಡ ಫೋನು ಮಾಡಿ, "ತಪ್ಪು ತಿಳ್ಕೋಬೇಡಿ ಸಾರ್, ನಿಮ್ಮ ಹೆಸರಿಂದ ಬಚಾವಾಯ್ತು" ಎಂದ.

ವಾಪಸಾತಿ

ನನ್ನ ಮದುವೆ ಆದದ್ದು ಅಜ್ಜಂಪುರದಲ್ಲಿ. ಧಾರೆಗೆ ಮುಂಚೆ ಅಕ್ಕ ಹೊಸ ಮೊರದ ತುಂಬ ತೌಡು ಹೊತ್ತು, ಬೀಗರೆಲ್ಲ ನೋಡುತ್ತಿರುವಾಗಲೇ ಕೊಂಡವ್ವನ ಮುಂದೆ ನಿಂತಳು. ಕೊಂಡವ್ವ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ಮೂಸಿದಳು.

"ಇದು ಮಿಲ್ ತೌಡು. ನಾನು ಕೊಟ್ಟಿದ್ದು ಒನಕೆ ತೌಡು. ನಕ್ಕೋ, ಆಗಲ್ಲ."

"ಲೇ, ಈಗ ಯಾರೇ ಭತ್ತ ಕುಟ್ತಾರೆ?"

"ಅದು ನಿನ್ನ ತಾಪತ್ರಯ. ಮಗ ನಂದು."

ಹಾಗಾಗಿ ಮದುಮಗನ ತಾಯಿಯ ಜಾಗದಲ್ಲಿ ಕೊಂಡವ್ವ ಕೂತಳು. ಅಕ್ಕ ಪಕ್ಕದಲ್ಲಿ ಮೊರ ಹಿಡಿದುಕೊಂಡು ನಿಂತಿದ್ದಳು. ಬೀಗರ ಕಡೆಯ ಯಾರೋ ಅವಳನ್ನು ಅಡುಗೆಯವಳೆಂದು ತಿಳಿದು, "ಅದನ್ನ ಒಳಗಿಡಮ್ಮ" ಎಂದರು.

ಅಲ್ಲಿಂದ ಅಕ್ಕ ಒನಕೆ ತೌಡು ಹುಡುಕಲು ಶುರು ಮಾಡಿದಳು. ಬುಕ್ಕಾಂಬುಧಿಗೆ ಹೋದಳು, ಲಿಂಗದಹಳ್ಳಿಗೆ ಹೋದಳು. ಎಲ್ಲ ಕಡೆ ಒನಕೆಗಳು ಅಟ್ಟ ಸೇರಿದ್ದವು. ಒಂದು ಮನೆಯಲ್ಲಿ ಒನಕೆಯನ್ನು ಟಿವಿಯ ಕೇಬಲ್ಲಿಗೆ ಆಸರೆ ಕೊಟ್ಟಿದ್ದರಂತೆ.

"ಸುಮ್ನೆ ಅವ್ವಾ ಅಂತ ಕರೆದ್ರೆ ಏನ್ರೀ ನಿಮಗೆ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಸಾವು, ಮಾರಾಟ ಇವನ್ನು ನಾನು ನಂಬುವವನಲ್ಲ. ಆದರೆ ಕೊಟ್ಟ ಮಾತು ಮಾತೇ. ಇಬ್ಬರು ಕೂತು ಒಪ್ಪಿ ಮಾಡಿದ ವ್ಯವಹಾರವನ್ನು ಮುರಿಯುವ ಹಕ್ಕು ಆ ಇಬ್ಬರಿಗಿದೆ, ಸರಕಿಗಿಲ್ಲ. ಅಕ್ಕನೂ ಹಾಗೆ ಸುಮ್ಮನೆ ಕರೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. "ಕದ್ದು ಕರೆಸ್ಕಳಕೆ ನಾನೇನು ಕಳ್ಳಿಯಾ?" ಎನ್ನುತ್ತಿದ್ದಳು.

ಒನಕೆ

ಈ ವರ್ಷ ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರು, "ಏನು ಇಷ್ಟಾನೋ ಕೊಡಿ" ಎಂದು ನನ್ನ ಭುಜ ಮುಟ್ಟಿ ಹೊರಟರು. ಅವಳ ಇಷ್ಟ ಏನೆಂದು ನನಗೆ ಗೊತ್ತಿತ್ತು.

ಹಳೆಯ ವಿದ್ಯಾರ್ಥಿಯ ಹೊಲದಿಂದ ಭತ್ತ ತರಿಸಿದೆ. ಒರಳು ಹಿತ್ತಲಲ್ಲೇ ಹೂತಿತ್ತು. ಒನಕೆ ಇದ್ದದ್ದು ನಮ್ಮ ಕೇರಿಯಲ್ಲೆಲ್ಲ ಒಂದೇ ಮನೆಯಲ್ಲಿ, ಅಕ್ಕ ಎಂದೂ ಹೋಗಿ ಕೇಳಲೊಪ್ಪದ ಮನೆಯಲ್ಲಿ. ಹೋಗಿ ಕೇಳಿದೆ.

"ಒನಕೆ ಯಾಕೋ ತೌಡಾ?" ಎಂದಳು ಕೊಂಡವ್ವ.

"ತೌಡು ಮಾಡೋಕೆ, ಅವ್ವ."

ಅವಳು ಒಳಗೆ ಹೋಗಿ ಒನಕೆ ತಂದು, ಸೆರಗಿನಿಂದ ಒರೆಸಿ ಕೊಟ್ಟಳು. ಕೊಟ್ಟು ಸುಮ್ಮನಿರಲಿಲ್ಲ, ಗೋಡೆಯ ಆಚೆ ಕುರ್ಚಿ ಹಾಕಿಸಿಕೊಂಡು ಕೂತಳು.

"ಸೊಂಟ ಬಗ್ಗಿಸು ಹೆಡ್‌ಮಾಸ್ಟ್ರೇ! ಅದು ಹೊಟ್ಟು ಕಣೋ, ತೌಡಲ್ಲ. ಹೊಟ್ಟು ಕೇರು, ಅಕ್ಕಿ ಮತ್ತೆ ಕುಟ್ಟು, ಆಗ ಬರ್ತದೆ."

ಮೊರದಲ್ಲಿ ಕೇರಿದೆ, ಹೊಟ್ಟೆಲ್ಲ ನನ್ನ ತಲೆಯ ಮೇಲೆ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಶಿಷ್ಯನೊಬ್ಬ ಬೈಕು ನಿಲ್ಲಿಸಿ, "ನಮಸ್ಕಾರ ಸಾರ್. ಡಾಕ್ಟ್ರು ಹೇಳಿದ್ರಾ?" ಎಂದ. ಹೌದು ಎಂದೆ. ಅದು ಸುಳ್ಳಲ್ಲ.

ಮೊರ ತುಂಬಿದಾಗ ಗೋಡೆಯ ಆಚೆ ನೋಡಿದರೆ ಕೊಂಡವ್ವ ಅಳುತ್ತಿದ್ದಳು.

"ಮಿಲ್ ತೌಡು, ಒನಕೆ ತೌಡು, ಎಲ್ಲಾ ನೆಪ ಕಣಪ್ಪಾ. ನಾನು ಬಿಟ್ಕೊಟ್ಟು, ಆಮೇಲೆ ನಿಂಗೇನಾದ್ರೂ ಆಗಿದ್ರೆ? ಅವ್ಳು ಇನ್ನೊಂದು ಸಲ ತಡ್ಕೊಳ್ತಿದ್ಲಾ? ಅದಕ್ಕೇ ಇಟ್ಕೊಂಡೆ."

ಅವಳನ್ನು ಕೈಹಿಡಿದು ಕರೆದುಕೊಂಡು ಬಂದೆ. ಅಕ್ಕ ಮೊರದ ಅಂಚು ಮುಟ್ಟಿದಳು. ನಾನೇ ಎತ್ತಿ ಕೊಂಡವ್ವನ ಮಡಿಲಿಗೆ ಸುರಿದೆ. ಕೊಂಡವ್ವ ಅಭ್ಯಾಸಬಲದಿಂದ ಒಂದು ಚಿಟಿಕೆ ಮೂಸಿದಳು.

"ನುಚ್ಚು ಜಾಸ್ತಿ ಐತೆ. ಹೋಗ್ಲಿ. ತಗಳೇ, ನಿನ್ ಮಗ."

ನಾನು ಹಾಸಿಗೆಯ ಕಡೆ ಬಗ್ಗಿ, "ಅವ್ವಾ" ಎಂದೆ.

ಅಕ್ಕ ಅಲುಗಲಿಲ್ಲ. ಇನ್ನೂ ಜೋರಾಗಿ, "ಅವ್ವಾ" ಎಂದೆ.

ಅಕ್ಕ ಕಣ್ಣು ತೆರೆದು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೊಂಡವ್ವನನ್ನು ಗದರಿದಳು: "ಆಗ್ಲಿಂದ ಕರೀತಾವ್ನೆ, ಕಿವಿ ಕೇಳ್ಸಲ್ವೇನೇ ನಿಂಗೆ? ಓ ಅನ್ನೇ!"

"ನನ್ನಲ್ಲ ಕಣೇ ಮಾರಾಯ್ತಿ" ಎಂದಳು ಕೊಂಡವ್ವ, ತೌಡಿನ ಮಡಿಲು ಹಿಡಿದುಕೊಂಡೇ. "ನಿನ್ನ."

ಅಕ್ಕ ಅನುಮಾನದಿಂದ ನನ್ನ ಮುಖ ನೋಡಿದಳು. ಕೊಂಡವ್ವನ ಮುಖ ನೋಡಿದಳು. ಆಮೇಲೆ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿ, ಅಲ್ಲಿ ನಿಂತು ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಲು ಮೆಲ್ಲಗೆ "ಓ" ಎಂದಳು.