ಪೆರುಮಾಳನ ಆರು ಮೀನು, ಸೀನಪ್ಪನ ಸುಣ್ಣ

ನೀರಿನ ವಿಷಯದಲ್ಲಿ ತನಗೆ ಬುದ್ಧಿ ಹೇಳುವ ಗಂಡು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಇನ್ನೂ ಹುಟ್ಟಿಲ್ಲ ಎಂದು ಸೀನಪ್ಪ ಎದೆ ತಟ್ಟಿಕೊಂಡಾಗ, ಗಾಜಿನ ತೊಟ್ಟಿಯೊಳಗಿನ ಆರು ಮೀನುಗಳೂ ಒಟ್ಟಿಗೆ ಬಾಯಿ ತೆರೆದವು. ಏನೋ ಹೇಳಲು ಹೊರಟಿದ್ದವು. ಪಾಪ, ಯಾರಿಗೂ ಕೇಳಿಸಲಿಲ್ಲ!

ಎದೆ ತಟ್ಟಲು ಅವನಿಗೆ ಕಾರಣವಿತ್ತು. ಹದಿನೆಂಟು ವರ್ಷದಿಂದ ಅವನು ಗಣಿಯ ಮಿಲ್ಲಿನಲ್ಲಿದ್ದ. ಅರೆದ ಕಲ್ಲಿನ ಕೆಸರುನೀರು ಅಲ್ಲಿ ಮನೆಯಷ್ಟಗಲದ ತೊಟ್ಟಿಗಳಿಗೆ ಬಂದು ಬೀಳುತ್ತಿತ್ತು. ಸೀನಪ್ಪ ಸುಣ್ಣ ಸುರಿಯುತ್ತಿದ್ದ. ಕೆಸರು ಹೆದರಿದ ಮಗುವಿನಂತೆ ತಳಕ್ಕೆ ಕೂರುತ್ತಿತ್ತು, ಮೇಲೆ ಕನ್ನಡಿಯಂಥ ನೀರು! ತನ್ನ ಸುಣ್ಣ ಇಲ್ಲದಿದ್ದರೆ ದೇಶದ ಹೆಂಗಸರೆಲ್ಲ ಬರೀ ಕರಿಮಣಿಯಲ್ಲೇ ಇರಬೇಕಾಗಿತ್ತು ಎಂಬುದು ಅವನ ಖಚಿತ ಅಭಿಪ್ರಾಯ.

ಆ ಕೆಂಪು ಮೀನುಗಳು ಪಕ್ಕದ ಮನೆಯ ಪೆರುಮಾಳನವು. ಪೆರುಮಾಳ್ ನೆಲದಡಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಬಡಗಿ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಗಣಿ ಸರ್ಕಾರದ ಕೈಗೆ ಬಂದಾಗ ಊರಿಗೆ ಹೊರಟ ಬಿಳಿ ದೊರೆಯೊಬ್ಬ ತನ್ನ ಬಂಗಲೆಯ ಮೀನಿನ ತೊಟ್ಟಿಯನ್ನು ಇವನಿಗೆ ಕೊಟ್ಟುಹೋಗಿದ್ದ. ಪೆರುಮಾಳ್ ಒಂದೊಂದಕ್ಕೂ ಗಣಿಯ ದರ್ಜೆಯ ಪ್ರಕಾರ ಹೆಸರಿಟ್ಟಿದ್ದ: ದೊರೆ, ದೊರೆಸಾನಿ, ಮೇಸ್ತ್ರಿ, ಗುಮಾಸ್ತ, ಕೂಲಿ. ರೆಕ್ಕೆ ಹರಿದದ್ದೊಂದು ಕುಂಟಿ. ಅವನಿಗಿದ್ದ ಸಂಸಾರ ಅಷ್ಟೇ.

ಈಗ ಅವನ ಎದೆಯೊಳಗೆ ಕಲ್ಲಿನ ಪುಡಿ ಕಾಯಂ ಬಿಡಾರ ಹೂಡಿತ್ತು. ಆಸ್ಪತ್ರೆಗೆ ಹೊರಟವನು ತೊಟ್ಟಿಯನ್ನು ಸೀನಪ್ಪನ ಮನೆಯಲ್ಲಿ ಬಿಟ್ಟು, ಉಸಿರಿಗೊಂದು ಮಾತಿನಂತೆ ಹೇಳಿದ: "ಸೀನಣ್ಣಾ, ನೀರು ಪೂರಾ ಬದ್ಲಾಯಿಸ್ಬೇಡ. ದಿನಾ ಎರಡು ಚೊಂಬು ತೆಗಿ, ಎರಡು ಚೊಂಬು ಆಕು. ಅದೂ ನೆನ್ನೆ ಇಡಿದಿಟ್ಟ ನೀರು."

"ತಂಬೀ, ಕೆರೆಯಷ್ಟು ಕೆಸರು ಕೂರ್ಸೋನಿಗೆ ಚೊಂಬಿನ ಲೆಕ್ಕ ಏಳ್ಕೊಡ್ತೀಯಾ? ನೆಮ್ಮದಿಯಾಗಿ ಓಗ್ಬಾ!"

ಪೆರುಮಾಳ್ ಅತ್ತ ಹೋಗುತ್ತಲೇ ಸೀನಪ್ಪ ತೊಟ್ಟಿಯ ಗಾಜಿಗೆ ಮೂಗು ಒತ್ತಿ ನೋಡಿದ. ನೀರು ಹಸಿರು! ಗೋಡೆಗೆ ಪಾಚಿ! ಛೀ, ಇದೇನು ಸಂಸಾರಸ್ಥರು ವಾಸಮಾಡುವ ಜಾಗವೇ? ಮೀನುಗಳನ್ನು ಬೋಗುಣಿಗೆ ವರ್ಗಾಯಿಸಿ, ತೊಟ್ಟಿಯನ್ನು ಬೂದಿ ಹಾಕಿ ತಿಕ್ಕಿ, ನಲ್ಲಿಯಿಂದ ಆಗಷ್ಟೇ ಬಂದ ಬೇತಮಂಗಲದ ಕೆರೆಯ ನೀರನ್ನು ಕಂಠಮಟ್ಟ ತುಂಬಿದ. ನೀರಿನಿಂದ ಬ್ಲೀಚಿಂಗ್ ಪುಡಿಯ ವಾಸನೆ ಘಂ ಎಂದಿತು.

"ಅಲ್ಲ ಕಣಯ್ಯ, ನಮ್ ಮೂಗೇ ಉರೀತೈತೆ, ಅವು ಅದ್ರಾಗೇ ಉಸ್ರಾಡ್ಬೇಕು!" ಎಂದಳು ಹೆಂಡತಿ ಮುನಿಶಾಮಮ್ಮ.

"ಔಷಧಿ ಕಣೇ ಅದು. ಔಷಧಿ ಕುಡುದ್ರೆ ಯಾರಾನ ಸಾಯ್ತಾರಾ?"

ಸತ್ತರು. ಊಟದ ಹೊತ್ತಿಗೆ ದೊರೆ ಹೊಟ್ಟೆ ಮೇಲೆ ಮಾಡಿ ತೇಲಿದರು. ಸಹಗಮನ ಮಾಡಿದಂತೆ ಹಿಂದೆಯೇ ದೊರೆಸಾನಿ!

ಸಂಜೆ ಆಸ್ಪತ್ರೆಯಲ್ಲಿ ಪೆರುಮಾಳನ ಮೊದಲ ಪ್ರಶ್ನೆಯೇ, "ದೊರೆ ಎಂಗವ್ರೆ?"

ಸೀನಪ್ಪ ತಲೆ ತಗ್ಗಿಸಿ, "ಒಸಿ ಊದ್ಕೊಂಡವ್ರೆ" ಎಂದ. ಅದು ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡು ಬಂದ.

ಉಳಿದ ನಾಲ್ವರನ್ನಾದರೂ ಕಾಪಾಡದಿದ್ದರೆ ಆ ಮನುಷ್ಯ ಮನೆಗೆ ಬಂದು ಯಾರ ಮುಖ ನೋಡಬೇಕು? ಮೂರನೆಯ ದಿನ ನೀರು ಮಬ್ಬಾಯಿತು. ಮಬ್ಬು! ಸೀನಪ್ಪನ ಕಣ್ಣು ಹೊಳೆಯಿತು. ಹದಿನೆಂಟು ವರ್ಷದ ವಿದ್ಯೆ ಕೈಗೆ ಬರುವ ಕಾಲ ಕೊನೆಗೂ ಬಂದಿತ್ತು. ಮುನಿಶಾಮಮ್ಮ ಬೀದಿಗೆ ಹೋಗಿದ್ದ ಹೊತ್ತು ನೋಡಿ, ಗೋಡೆಗೆ ಬಳಿಯಲು ನೆನೆಹಾಕಿದ್ದ ಸುಣ್ಣದಲ್ಲಿ ಒಂದು ಹಿಡಿ, ಒಂದೇ ಹಿಡಿ, ತೊಟ್ಟಿಗೆ ಬಿಟ್ಟ.

ಮಬ್ಬು ಕೂತಿತು. ನೀರು ಸ್ಫಟಿಕವಾಯಿತು. ಆ ಸ್ಫಟಿಕದಲ್ಲಿ ಮೇಸ್ತ್ರಿ, ಗುಮಾಸ್ತ, ಕೂಲಿ ಮೂವರೂ ದರ್ಜೆಯ ಭೇದವಿಲ್ಲದೆ ಮಗ್ಗುಲಾಗಿ ತೇಲುತ್ತಿದ್ದುದು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು!

ಬಾಗಿಲಿಗೆ ಬಂದ ಮುನಿಶಾಮಮ್ಮ ಒದ್ದಾಡುತ್ತಿದ್ದ ಕುಂಟಿಯನ್ನು ಬೊಗಸೆಯಲ್ಲಿ ಎತ್ತಿ, ಒಲೆ ಪಕ್ಕದ ಹಳೆಯ ಮಡಕೆಯಲ್ಲಿ ಹಿಡಿದಿಟ್ಟಿದ್ದ ನೀರಿಗೆ ಬಿಟ್ಟಳು. ಮೇಲೊಂದು ತಟ್ಟೆ ಓರೆಯಾಗಿ ಮುಚ್ಚಿದಳು.

"ಈ ಮಡಕೆ ಅತ್ರ ನಿನ್ ನೆರಳು ಬಿದ್ರೆ ನೋಡು. ಆ ಸುಣ್ಣ ನಿನ್ ಮುದ್ದೆಗೆ ಕಲ್ಸಿಕ್ತೀನಿ."

ಆಸ್ಪತ್ರೆಯಲ್ಲಿ ಸುಳ್ಳಿನ ಸಂಸಾರ ಮಾತ್ರ ಸೊಗಸಾಗಿ ಬೆಳೆಯಿತು. ಮೇಸ್ತ್ರಿಗೆ ಹಸಿವು ಜಾಸ್ತಿಯಾಗಿದೆ. ಗುಮಾಸ್ತ ದೊರೆಸಾನಿಯ ಹಿಂದೆ ಸುತ್ತುತ್ತಿದ್ದಾನೆ, ಅದು ದೊರೆಗೆ ಇಷ್ಟವಿಲ್ಲ. ಕೂಲಿ ಕೆಲಸ ಮಾಡುತ್ತಿಲ್ಲ! ಪೆರುಮಾಳ್ ನಗುತ್ತಿದ್ದ, ನಕ್ಕು ಕೆಮ್ಮುತ್ತಿದ್ದ, ಕೆಮ್ಮಿ ಬಟ್ಟೆಗೆ ಬಾಯಿ ಒರೆಸಿಕೊಳ್ಳುತ್ತಿದ್ದ. ಬಟ್ಟೆಯನ್ನು ಸೀನಪ್ಪ ನೋಡುತ್ತಿರಲಿಲ್ಲ.

ಒಂದು ದಿನ ಪೆರುಮಾಳ್ ಹೇಳಿದ: "ಬರೋ ಸೋಮವಾರ ಮನೇಗ್ ಕಳಿಸ್ತೀನಿ ಅಂದವ್ರೆ ಡಾಕ್ಟ್ರು."

ಸೀನಪ್ಪನ ಕಾಲಡಿಯ ಸುರಂಗ ಕುಸಿಯಿತು! ಬೆಳಗಾಗುತ್ತಲೇ ಬೇತಮಂಗಲದ ಬಸ್ಸು ಹತ್ತಿದ. ಕೆರೆಯಲ್ಲಿ ಬಲೆ ಬೀಸುವವರ ಕಾಲು ಹಿಡಿದು, ಮೈ ಸ್ವಲ್ಪ ಕೆಂಪಗಿದ್ದ ಐದು ಮೀನು ಆರಿಸಿ, ಡಬ್ಬದಲ್ಲಿ ಹಾಕಿಕೊಂಡು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದ. ನೀರು ಕೆರೆಯದೇ, ಅದರಲ್ಲಿ ದೋಷವಿಲ್ಲ. ಡಬ್ಬ ಮಾತ್ರ ಸೀಮೆಣ್ಣೆಯದು.

ಮನೆಗೆ ಬಂದು ಮುಚ್ಚಳ ತೆಗೆದಾಗ ಮುನಿಶಾಮಮ್ಮ ಇಣುಕಿ ನೋಡಿ, ಸೆರಗು ಸಿಕ್ಕಿಸಿಕೊಂಡಳು.

"ಉಳ್ಸೋ ಕೆಲ್ಸ ನಿನ್ ಕೈಲಾಗಲ್ಲ. ಇತ್ಲಾಗ್ ತಾ. ನಾಲ್ಕು ಸಲ ತೊಳುದ್ರೆ ವಾಸ್ನೆ ಓಗ್ತೈತೆ. ಉಣಿಸೆ ಉಳಿ ಬಿಟ್ಟು ಸಾರು ಮಾಡ್ತೀನಿ, ಪಾಪ ಆ ಅಣ್ಣ ಆಸ್ಪತ್ರೆ ಗಂಜಿ ಕುಡ್ದು ಕುಡ್ದು ಕಡ್ಡಿಯಾಗವ್ನೆ."

ಹೀಗೆ ದೊರೆಯ ಉತ್ತರಾಧಿಕಾರಿಗಳು ಊಟದ ಕ್ಯಾರಿಯರ್ ಏರಿ ಆಸ್ಪತ್ರೆಗೆ ದಯಮಾಡಿಸಿದರು. ಪೆರುಮಾಳ್ ಮುಚ್ಚಳ ತೆಗೆದ. ಐದು ತುಂಡುಗಳನ್ನು ಬೆರಳಿನಿಂದ ಎಣಿಸಿದ. ನಿಧಾನವಾಗಿ ತಲೆಯೆತ್ತಿ ಕೇಳಿದ:

"ಅಣ್ಣಾ, ಇದ್ರಾಗೆ ಮೇಸ್ತ್ರಿ ಯಾವನು?"

ಸೀನಪ್ಪ ಎರಡೂ ಕೈ ಅಡ್ಡ ಆಡಿಸಿದ. "ಅಯ್ಯೋ, ಅವರಲ್ಲ! ಇವು ಕೆರೆ ಮೀನು! ನಿನ್ ಮೀನೆಲ್ಲ ಚೆನ್ನಾಗವೆ, ತಂಬೀ..."

"ಬುಡಣ್ಣ. ಮೊದ್ಲನೇ ದಿನಾನೇ ಗೊತ್ತಾಯ್ತು. ದೊರೆ ಊದ್ಕೊಂಡವ್ರೆ ಅಂದಾಗ ನೀನು ನನ್ ಮುಖ ನೋಡ್ಲಿಲ್ಲ, ಮಂಚದ ಕಾಲು ನೋಡ್ದೆ." ಉಸಿರು ಕೂಡಿಸಿಕೊಂಡ. "ಡಾಕ್ಟ್ರೂ ಅಂಗೇ. ಎದೆ ಚೆನ್ನಾಗೈತೆ ಕಣಪ್ಪ, ಬರೋ ಸೋಮವಾರ ಕಳಿಸ್ತೀನಿ ಅಂತ ಅದೇ ಕಾಲು ನೋಡ್ತಾರೆ. ಈ ಮಂಚದ ಕಾಲು ಎಷ್ಟು ಜನದ ಸುಳ್ಳು ಒರ್ತೈತೋ!"

ಸೀನಪ್ಪ ಮೊದಲ ಬಾರಿಗೆ ಅವನ ಮುಖ ನೋಡಿದ. ಕೆನ್ನೆ ಎಲ್ಲಿತ್ತೋ ಅಲ್ಲಿ ಗುಳಿ ಇತ್ತು.

"ನಿಜ ಏಳು. ಎಷ್ಟು ಉಳಿದವೆ?"

"ಒಂದು. ಕುಂಟಿ."

"ನಿನ್ ಕೈಗ್ ಸಿಕ್ಕೂನೂ ಅದೆಂಗ್ ಉಳೀತಣ್ಣ?"

"ನನ್ ಕೈಲಿಲ್ಲ. ಮುನಿಶಾಮಮ್ಮ ನೋಡ್ಕೊಂತಾವ್ಳೆ. ನನ್ನ ಅತ್ರಕ್ಕೂ ಬುಡಲ್ಲ."

ಪೆರುಮಾಳ್ ಸಾರಿನ ಬಟ್ಟಲನ್ನು ಎದೆಗೆ ಹತ್ತಿರ ಎಳೆದುಕೊಂಡ. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ, ಅದರ ನಡುವೆಯೇ ನಕ್ಕ.

"ಅಂಗಾದ್ರೆ ಒಂದು ಉಪಕಾರ ಮಾಡಣ್ಣ. ನಾಳೆಯಿಂದ ನನ್ ನೋಡೋಕೂ ನೀನ್ ಬರ್ಬೇಡ, ಅಕ್ಕನ್ನೇ ಕಳ್ಸು!"